ಟ್ಯಾಂಕ್ ಒಳಗೆ ಬಳಿಯುವ ಎಪಾಕ್ಸಿ ಕಿಟ್: 2 ಹಳೆ ಬೈಕು, 7 ವರ್ಷದ ಬಳಕೆ

ತುಕ್ಕು, ಸೋರಿಕೆ ತಡೆಯಲು ಪೆಟ್ರೋಲ್ ಟ್ಯಾಂಕಿನ ಒಳಗೆ ಬಳಿಯುವ ಈ ಕಿಟ್ ಬಗ್ಗೆ 2018ರಲ್ಲೇ ಬರೆದಿದ್ದರೆ ಹಾಡಿ ಹೊಗಳುತ್ತಿದ್ದೆ. 2022ರಲ್ಲಿ ಬರೆದಿದ್ದರೆ ಯಾರೂ ಮುಟ್ಟಬೇಡಿ ಅನ್ನುತ್ತಿದ್ದೆ. ಈಗ 7 ವರ್ಷ ಆಯಿತು. ಎರಡು ಟ್ಯಾಂಕಿಗೆ ಹಾಕಿದ್ದೇನೆ, ಒಂದರಿಂದ ಕಿತ್ತು ತೆಗೆದಿದ್ದೇನೆ. ಆ ಎರಡೂ ಮಾತು ಅರ್ಧರ್ಧ ಮಾತ್ರ ಸರಿ ಅಂತ ಈಗ ಗೊತ್ತಾಗಿದೆ.

ಕಿಟ್‌ನಲ್ಲಿ ಇರುವುದು ಇಷ್ಟು. ಜಿಡ್ಡು ತೆಗೆಯುವ ಸೋಪಿನಂಥ ದ್ರವ, ಫಾಸ್ಫಾರಿಕ್ ಆಸಿಡ್ ಇರುವ ತುಕ್ಕು ಬಿಡಿಸುವ ದ್ರವ, ಕೊನೆಗೆ ಎಪಾಕ್ಸಿ ಅನ್ನುವ ಅಂಟಿನಂಥ ಲೇಪ ಮತ್ತು ಅದು ಗಟ್ಟಿಯಾಗಲು ಬೆರೆಸುವ ಹಾರ್ಡನರ್. ತೊಳೆಯಬೇಕು, ತುಕ್ಕು ಬಿಡಿಸಬೇಕು, ಒಣಗಿಸಬೇಕು, ಎಪಾಕ್ಸಿ ಸುರಿದು ಟ್ಯಾಂಕನ್ನು ಎಲ್ಲ ಮಗ್ಗುಲಿಗೂ ಹೊರಳಿಸಬೇಕು, ಮಿಕ್ಕಿದ್ದನ್ನು ಬಸಿಯಬೇಕು. ಕೆಲವು ದಿನದಲ್ಲಿ ಒಳಗೆಲ್ಲ ಗಟ್ಟಿ ಪದರ ಕೂತಿರುತ್ತದೆ. ಬೇರೆ ಬೇರೆ ಕಂಪನಿಯವರು ಮಾರುತ್ತಾರೆ, ಕೆಲಸ ಹೆಚ್ಚುಕಮ್ಮಿ ಒಂದೇ. ಹಾಗಾಗಿ ಹೆಸರು ಹೇಳುವುದಿಲ್ಲ.

ಮೊದಲನೆಯದು ನನ್ನ ಜಾವಾ 250ರ ಟ್ಯಾಂಕು. ಮರೂನ್ ಬಣ್ಣ, ಅಂಚಿಗೆ ಚಿನ್ನದ ಬಣ್ಣದ ಗೆರೆ. ಫ್ಯಾಕ್ಟರಿಯಲ್ಲಿ ಹೊಡೆದ ಬಣ್ಣವೇ ಇನ್ನೂ ಇದೆ. ಅಲ್ಲಲ್ಲಿ ಮಾಸಿದೆ, ಮಂಡಿ ತಾಗುವ ರಬ್ಬರಿನ ಪಕ್ಕ ಸವೆದಿದೆ. ಆ ಬಣ್ಣ ಹೋದರೆ ಹೋಯಿತು. ಹೊಸದಾಗಿ ಹೊಡೆಸಿದ್ದು ಎಷ್ಟೇ ಚೆನ್ನಾಗಿದ್ದರೂ ಅದು ಬೇರೆಯೇ, ಅಲ್ವಾ? ಅದಕ್ಕೇ ಟ್ಯಾಂಕನ್ನು ಕೊಯ್ದು ಸರಿ ಮಾಡಿಸುವುದು, ಬೆಂಕಿ ತೋರಿಸುವುದು ಯಾವುದೂ ನನಗೆ ಬೇಕಿರಲಿಲ್ಲ. ಹೊರಗೆ ಮುಟ್ಟದೆ ಒಳಗಷ್ಟೇ ಸರಿಯಾಗಬೇಕಿತ್ತು. ಕಿಟ್ ಕೊಂಡಿದ್ದು ಆ ಕಾರಣಕ್ಕೆ.

ಈ ಟ್ಯಾಂಕು ಕುದುರೆಯ ಜೀನಿನ ಹಾಗೆ ಫ್ರೇಮಿನ ಮೇಲೆ ಕೂರುತ್ತದೆ. ಎರಡೂ ಕಡೆ ಇಳಿಬಿದ್ದ ಮೂಲೆಗಳಿರುತ್ತವೆ. ನೀರು ಪೆಟ್ರೋಲಿಗಿಂತ ಭಾರ, ಹಾಗಾಗಿ ಒಳಗೆ ಸೇರಿದ ನೀರೆಲ್ಲ ಆ ಮೂಲೆಗೆ ಹೋಗಿ ನಿಲ್ಲುತ್ತದೆ. ಅರ್ಧ ಖಾಲಿ ಟ್ಯಾಂಕನ್ನು ವರ್ಷಗಟ್ಟಲೆ ನಿಲ್ಲಿಸಿದರೆ ಮೇಲಿನ ಗೋಡೆಯಲ್ಲೂ ಹಗಲು ರಾತ್ರಿಯ ಬಿಸಿ ತಂಪಿಗೆ ಪಸೆ ಕೂತು ತುಕ್ಕು ಹಿಡಿಯುತ್ತದೆ. ನನ್ನ ಟ್ಯಾಂಕಿನಲ್ಲಿ ಎರಡೂ ಆಗಿತ್ತು. ಅಲ್ಲಾಡಿಸಿದರೆ ಒಳಗೆ ಮರಳು ತುಂಬಿದ ಹಾಗೆ ಸದ್ದು.

2018ರಲ್ಲಿ ಒಂದು ಶನಿವಾರ ಶುರು ಮಾಡಿ ಭಾನುವಾರ ಮುಗಿಸಿದೆ. ಜಿಡ್ಡು ತೆಗೆಯುವ ದ್ರವ ಒಂದು ಸಲ, ಆಸಿಡ್ ಒಂದು ಸಲ, ಹೇರ್ ಡ್ರೈಯರ್ ಇಟ್ಟು ಎರಡು ಗಂಟೆ ಒಣಗಿಸಿದ್ದು, ಆಮೇಲೆ ಎಪಾಕ್ಸಿ. ಬಾಯಿಂದ ಇಣುಕಿದರೆ ಒಳಗೆ ಬೆಳ್ಳಗೆ, ನುಣ್ಣಗೆ, ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ನಾಲ್ಕು ವರ್ಷ ಚೆನ್ನಾಗಿಯೇ ಓಡಿತು.

2022ರಲ್ಲಿ ತೊಂದರೆ ಶುರುವಾಯಿತು. ಸ್ಟಾರ್ಟ್ ಆಗುತ್ತಿತ್ತು, ಹತ್ತು ನಿಮಿಷ ಓಡುತ್ತಿತ್ತು, ಆಮೇಲೆ ಉಸಿರು ಕಟ್ಟಿದ ಹಾಗೆ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುತ್ತಿತ್ತು. ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಬಿಸಿಯಾಗಿ ಕೈ ಕೊಡುತ್ತಿದೆ ಅಂದುಕೊಂಡು ಎರಡು ವಾರ ಕರೆಂಟಿನ ಹಿಂದೆ ಬಿದ್ದೆ. ಒಂದು ದಿನ ಏರು ಹತ್ತುವಾಗ ಎಂಜಿನ್ ಸದ್ದು ಬಿಗಿಯಾಯಿತು, ಬೈಕು ಹಿಡಿದು ಎಳೆದ ಹಾಗಾಯಿತು. ತಕ್ಷಣ ಕ್ಲಚ್ ಹಿಡಿದು ಆಕ್ಸಿಲರೇಟರ್ ಬಿಟ್ಟೆ. ಜಾವಾದಂಥ ಟೂ-ಸ್ಟ್ರೋಕ್ ಓಡಿಸುವವರಿಗೆ ಇದರ ಅರ್ಥ ಗೊತ್ತು. ಪೆಟ್ರೋಲಿನಲ್ಲೇ ಆಯಿಲ್ ಬೆರೆತಿರುವುದರಿಂದ ಪೆಟ್ರೋಲ್ ಕಮ್ಮಿಯಾದರೆ ಆಯಿಲ್ ಕೂಡ ಕಮ್ಮಿ. ಒಂದು ಕಡೆ ಉರಿ ಜಾಸ್ತಿ ಆಗುತ್ತದೆ, ಇನ್ನೊಂದು ಕಡೆ ಪಿಸ್ಟನ್ನಿಗೆ ಜಾರಿಕೆ ಸಿಗುವುದಿಲ್ಲ. ಎರಡೂ ಒಟ್ಟಿಗೆ ಆದರೆ ಪಿಸ್ಟನ್ ಸೀಜ್ ಆಗುತ್ತದೆ, ಅಂದರೆ ಸಿಲಿಂಡರಿನಲ್ಲೇ ಕಚ್ಚಿಕೊಳ್ಳುತ್ತದೆ. ನನ್ನದು ಕೂದಲೆಳೆಯಲ್ಲಿ ತಪ್ಪಿತು.

ಮನೆಗೆ ತಂದು ಪೆಟ್ರೋಲ್ ಕಾಕ್, ಅಂದರೆ ಟ್ಯಾಂಕಿನ ಅಡಿಯ ನಲ್ಲಿ, ಬಿಚ್ಚಿದೆ. ಅದರ ಜಾಲರಿಗೆ ಹಾವಿನ ಪೊರೆಯಂಥದ್ದೊಂದು ಸುತ್ತಿಕೊಂಡಿತ್ತು. ಮೊಬೈಲಿಗೆ ಹಾಕುವ ಸಣ್ಣ ಎಂಡೋಸ್ಕೋಪ್ ಕ್ಯಾಮೆರಾ ಒಳಗೆ ಬಿಟ್ಟೆ. ನಾನು ವೈರ್ ತಳ್ಳುತ್ತಿದ್ದೆ, ಮಗಳು ಫೋನ್ ಹಿಡಿದು ನೋಡುತ್ತಿದ್ದಳು.

"ಅಪ್ಪಾ, ಒಳಗೆ ಕರ್ಟನ್ ತರ ಏನೋ ಅಲ್ಲಾಡ್ತಿದೆ."

"ಯಾವ ಕಡೆ ಮಗಳೇ?"

"ಕೆಳಗೆ, ಮೂಲೇಲಿ. ದೊಡ್ಡದಿದೆ."

ಚಿಮಟದಲ್ಲಿ ಹಿಡಿದು ಒಂದು ಚೂರು ಎಳೆದು ತೆಗೆದೆ. ಅಂಗೈಯಷ್ಟು ಅಗಲ. ಒಂದು ಮುಖ ಗಾಜಿನ ಹಾಗೆ ನುಣುಪು. ತಿರುಗಿಸಿದರೆ ಹಿಂದಿನ ಮುಖ ಪೂರ್ತಿ ಕಂದು, ಉಪ್ಪುಕಾಗದದ ಹಾಗೆ ತರಿತರಿ. ಉಗುರಿನಲ್ಲಿ ಕೆರೆದರೆ ತುಕ್ಕಿನ ಪುಡಿ ಉದುರುತ್ತಿತ್ತು, ಬೆರಳಿಗೆ ಎಣ್ಣೆ ಜಿಡ್ಡೂ ಹತ್ತಿತು. ಆ ಚೂರನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ. ಎಪಾಕ್ಸಿಯಲ್ಲಿ ಏನೂ ತಪ್ಪಿರಲಿಲ್ಲ. ಅದು ತುಕ್ಕನ್ನು ಗಟ್ಟಿಯಾಗಿಯೇ ಹಿಡಿದಿತ್ತು. ತುಕ್ಕು ಕಬ್ಬಿಣವನ್ನು ಬಿಟ್ಟಿತ್ತು.

ಎಪಾಕ್ಸಿ ತುಕ್ಕಿಗೆ ಮದ್ದಲ್ಲ. ಕಿಟ್‌ನ ಡಬ್ಬಿ ಮೇಲಿನ ಚಿತ್ರ ನೋಡಿದರೆ ಹಾಗನ್ನಿಸುತ್ತದೆ ಅಷ್ಟೇ. ಬರಿಯ ಕಬ್ಬಿಣ ಕಾಣುವವರೆಗೆ ಒಳಗೆ ಚೊಕ್ಕ ಮಾಡದಿದ್ದರೆ ಅದು ಕೂರುವುದೇ ಇಲ್ಲ. ಟೂ-ಸ್ಟ್ರೋಕ್ ಟ್ಯಾಂಕಿನಲ್ಲಂತೂ ಇನ್ನೂ ಕಷ್ಟ. ಹತ್ತಾರು ವರ್ಷದ ಆಯಿಲ್ ತುಕ್ಕಿನ ಒಳಗೇ ಇಳಿದಿರುತ್ತದೆ. ಜಿಡ್ಡು ಇರುವ ಕಡೆ ಆಸಿಡ್ ಕೆಲಸ ಮಾಡುವುದಿಲ್ಲ. ನಾನು ಒಂದೇ ಸಲ ತೊಳೆದಿದ್ದು ಸಾಲಲಿಲ್ಲ. ಎರಡು ಗಂಟೆ ಒಣಗಿಸಿದ್ದೂ ಸಾಲಲಿಲ್ಲ. ಟ್ಯಾಂಕಿನ ತಗಡುಗಳು ಕೂಡುವ ಅಂಚಿನ ಸಂದಿಯಲ್ಲಿ ನೀರು ಉಳಿದೇ ಇರುತ್ತದೆ, ಹೊರಗಿಂದ ಎಷ್ಟು ಬಿಸಿಯಾಗಿದ್ದರೂ ಸರಿ.

ಹಳೆಯದನ್ನು ಕಿತ್ತು ತೆಗೆಯುವುದು ಹಾಕುವುದಕ್ಕಿಂತ ಎಷ್ಟೋ ದೊಡ್ಡ ಕೆಲಸ. ಕೊಳ್ಳುವ ಮೊದಲು ಇದು ಗೊತ್ತಿರಲಿ. ಗಟ್ಟಿಯಾದ ಎಪಾಕ್ಸಿ ಸುಮ್ನೆ ಕರಗುವುದಿಲ್ಲ. ಬೇಗ ಕೆಲಸ ಮಾಡುವುದು ಮೀಥೈಲೀನ್ ಕ್ಲೋರೈಡ್ ಇರುವ ಪೇಂಟ್ ರಿಮೂವರ್, ಆದರೆ ಅದರ ಆವಿ ಜೀವಕ್ಕೇ ಅಪಾಯ. ಮುಚ್ಚಿದ ಕೋಣೆಯಲ್ಲಿ ಬಳಸಿ ಜನ ಸತ್ತಿದ್ದಾರೆ. ಅಮೆರಿಕದಲ್ಲಿ 2019ರಲ್ಲಿ ಮನೆಬಳಕೆಗೆ ಅದನ್ನು ಮಾರುವುದನ್ನೇ ನಿಷೇಧಿಸಿದರು. ನಾನು ಅದರ ತಂಟೆಗೆ ಹೋಗಲಿಲ್ಲ. ಪದರ ಹೇಗೂ ಸಡಿಲವಾಗಿತ್ತು. ಬಯಲಿನಲ್ಲಿ ಇಟ್ಟು ಅಸಿಟೋನ್ ಹಾಕಿ ನಾಲ್ಕು ದಿನ ಬಿಟ್ಟೆ. ಮೆತ್ತಗಾಗಿ ಸುಕ್ಕುಗಟ್ಟಿತು. ಹಳೆ ಚೈನಿನ ಒಂದು ತುಂಡು ಒಳಗೆ ಬಿಟ್ಟು ಕುಲುಕಿ ಕುಲುಕಿ ಉದುರಿಸಿದೆ. ನಟ್ಟು ಬೋಲ್ಟು ಹಾಕಿ ಕುಲುಕುವವರೂ ಇದ್ದಾರೆ. ಹಾಗೆ ಮಾಡುವುದಾದರೆ ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ಚೈನಿಗೆ ತಂತಿ ಕಟ್ಟಿದ್ದರೆ ಎಳೆದರೆ ಬರುತ್ತದೆ, ಅದು ವಾಸಿ. ಅಸಿಟೋನ್ ಒಂದು ಹನಿ ಹೊರಗೆ ಬಿದ್ದರೂ ಬಣ್ಣ ಹೋಗುತ್ತದೆ. ಬಾಯಿ ಸುತ್ತ ದಪ್ಪಗೆ ಗ್ರೀಸ್ ಹಚ್ಚಿ, ಅದರ ಮೇಲೆ ಪ್ಲಾಸ್ಟಿಕ್ ಸುತ್ತಿದ್ದೆ. ಚಿನ್ನದ ಗೆರೆಗೆ ಏನೂ ಆಗಲಿಲ್ಲ.

ಆಮೇಲೆ ತುಕ್ಕಿಗೆ ಕಿಟ್‌ನ ಆಸಿಡ್ ಬದಲು ಎಲೆಕ್ಟ್ರಾಲಿಸಿಸ್ ಮಾಡಿದೆ, ಅಂದರೆ ನೀರಿನಲ್ಲಿ ಕರೆಂಟ್ ಹರಿಸಿ ತುಕ್ಕು ಬಿಡಿಸುವುದು. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಕಲಿತ ದೊಡ್ಡ ವಿಷಯ ಇದು, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಟ್ಯಾಂಕ್ ತುಂಬ ನೀರು, 4 ಲೀಟರಿಗೆ ಒಂದು ದೊಡ್ಡ ಚಮಚದ ಲೆಕ್ಕದಲ್ಲಿ ವಾಷಿಂಗ್ ಸೋಡಾ. ಬಾಯಿಂದ ಒಂದು ಸಾದಾ ಕಬ್ಬಿಣದ ಸರಳು ಇಳಿಬಿಡಬೇಕು, ಅದು ಟ್ಯಾಂಕಿಗೆ ಎಲ್ಲೂ ತಾಗಬಾರದು. ನಾನು ತೂತು ಕೊರೆದ ರಬ್ಬರ್ ತುಂಡಿನಲ್ಲಿ ಸಿಕ್ಕಿಸಿದ್ದೆ, ಪಕ್ಕದಲ್ಲಿ ಗಾಳಿ ಹೋಗಲು ಜಾಗ ಬಿಟ್ಟು. 12 ವೋಲ್ಟ್ ಬ್ಯಾಟರಿ ಚಾರ್ಜರಿನ ಪ್ಲಸ್ ಸರಳಿಗೆ, ಮೈನಸ್ ಟ್ಯಾಂಕಿಗೆ. ಇದನ್ನು ಅದಲುಬದಲು ಮಾಡಿದರೆ ಟ್ಯಾಂಕೇ ಸವೆದುಹೋಗುತ್ತದೆ. ಎರಡು ಸಲ ನೋಡಿ ಸ್ವಿಚ್ ಹಾಕಿ. ಸ್ಟೇನ್‌ಲೆಸ್ ಸ್ಟೀಲ್ ಸರಳು ಮಾತ್ರ ಬೇಡವೇ ಬೇಡ. ಅದರಲ್ಲಿರುವ ಕ್ರೋಮಿಯಂ ನೀರಿಗೆ ವಿಷವಾಗಿ ಇಳಿಯುತ್ತದೆ. ಈಗಿನ ಆಟೊಮ್ಯಾಟಿಕ್ ಚಾರ್ಜರ್‌ಗಳಲ್ಲಿ ತುಂಬ ಬಗೆಯವು ಬ್ಯಾಟರಿ ಕಾಣದಿದ್ದರೆ ಕರೆಂಟೇ ಕೊಡುವುದಿಲ್ಲ, ಹಳೆ ಕಾಲದ ಸಾದಾ ಚಾರ್ಜರ್ ಇದ್ದರೆ ಒಳ್ಳೆಯದು. ಗುಳ್ಳೆಗುಳ್ಳೆಯಾಗಿ ಬರುವುದು ಹೈಡ್ರೋಜನ್. ಬಯಲಿನಲ್ಲೇ ಮಾಡಿ, ಹತ್ತಿರ ಬೆಂಕಿ ಕಿಡಿ ಇರಕೂಡದು, ಕ್ಲಿಪ್ ತೆಗೆಯುವ ಮೊದಲು ಸ್ವಿಚ್ ಆರಿಸಿ.

ಮೇಲೆ ಕಂದು ನೊರೆ ಉಕ್ಕುತ್ತದೆ. ಸರಳಿನ ಮೇಲೆ ಕೆಸರಿನಂಥ ಪದರ ಕಟ್ಟಿಕೊಳ್ಳುತ್ತದೆ, ಆಗಾಗ ತೆಗೆದು ಉಜ್ಜಿದರೆ ಕೆಲಸ ಮುಂದುವರಿಯುತ್ತದೆ. ಸರಳಿಗೆ ಎದುರಾಗಿರುವ ಗೋಡೆಗೆ ಬೇಗ ಹಿಡಿಯುತ್ತದೆ, ಮರೆಯಾದ ಮೂಲೆಗೆ ನಿಧಾನ. ಹಾಗಾಗಿ ಜೀನಿನ ಆಚೆ ಮೂಲೆಗೆ ಸರಳನ್ನು ಬಾಗಿಸಿ ಬಿಟ್ಟೆ. ಎರಡು ದಿನ ಆದ ಮೇಲೆ ಬಗ್ಗಿಸಿ ನೋಡಿದರೆ ತುಕ್ಕೆಲ್ಲ ಕಪ್ಪು ಪುಡಿಯಾಗಿತ್ತು. ಜೋರು ನೀರು ಬಿಟ್ಟರೆ ಹೊರಟೇ ಹೋಯಿತು, ಕೆಳಗೆ ಬೂದು ಬಣ್ಣದ ಕಬ್ಬಿಣ. ಇದರ ಒಳ್ಳೆಯ ಗುಣ ಏನೆಂದರೆ ಆಸಿಡ್ಡಿನ ಹಾಗೆ ಒಳ್ಳೆ ಕಬ್ಬಿಣವನ್ನು ತಿನ್ನುವುದಿಲ್ಲ. ಮರೆತು ಇನ್ನೊಂದು ರಾತ್ರಿ ಬಿಟ್ಟರೂ ಟ್ಯಾಂಕಿಗೆ ನಷ್ಟವಿಲ್ಲ.

ತೊಳೆದ ಕಬ್ಬಿಣ ಕೆಲವೇ ನಿಮಿಷದಲ್ಲಿ ಮತ್ತೆ ಕೇಸರಿ ಬಣ್ಣಕ್ಕೆ ತಿರುಗುತ್ತದೆ, ಹಾಗಾಗಿ ಬಿಸಿಗಾಳಿಯಲ್ಲಿ ಬೇಗ ಒಣಗಿಸಿ ಟೂ-ಸ್ಟ್ರೋಕ್ ಆಯಿಲ್ ಜಾಸ್ತಿ ಬೆರೆಸಿದ ಪೆಟ್ರೋಲ್ ಹಾಕಿ ಎಲ್ಲ ಕಡೆ ಆಡಿಸಿದೆ. ಅಲ್ಲಿಗೆ ನಿಲ್ಲಿಸಿದೆ. ಎಪಾಕ್ಸಿ ಮತ್ತೆ ಹಾಕಲಿಲ್ಲ. ತೂತಿಲ್ಲದ ಟ್ಯಾಂಕಿಗೆ ಅದು ಬೇಕಿಲ್ಲ ಅನ್ನುವುದು ಈಗ ನನ್ನ ಅಭಿಪ್ರಾಯ. ಟೂ-ಸ್ಟ್ರೋಕ್‌ನಲ್ಲಿ ಬೆರೆತ ಆಯಿಲ್ಲೇ ಕಬ್ಬಿಣಕ್ಕೆ ಸಣ್ಣ ಕಾವಲು. ಟ್ಯಾಂಕ್ ತುಂಬಿಟ್ಟರೆ ಪಸೆ ಕೂರಲು ಜಾಗವೂ ಇರುವುದಿಲ್ಲ. ಮೂರು ವರ್ಷವಾಯಿತು, ಜಾವಾದ ಜಾಲರಿಯಲ್ಲಿ ಒಂದು ಕಣ ಸಿಕ್ಕಿಲ್ಲ.

ಹಾಗಾದರೆ ಕಿಟ್ ದಂಡವೇ? ಅಲ್ಲ. ನನ್ನ ಎರಡನೇ ಬೈಕು ಬಿಎಸ್‌ಎ ಬಿ31. ಈ ಕಿಟ್ ಇಲ್ಲದಿದ್ದರೆ ಅದರ ಟ್ಯಾಂಕಿಗೆ ಗತಿಯಿರಲಿಲ್ಲ. ಅಡಿಯ ಅಂಚಿನಲ್ಲಿ ಸೂಜಿ ಮೊನೆಯಂಥ ಮೂರು ತೂತು. ಪೆಟ್ರೋಲ್ ಸೋರುವುದು ಕಾಣುತ್ತಿರಲಿಲ್ಲ, ಬೆವರಿದ ಹಾಗೆ ಇರುತ್ತಿತ್ತು, ಬಣ್ಣ ಬೊಬ್ಬೆ ಎದ್ದಿತ್ತು. ವೆಲ್ಡಿಂಗ್ ಮಾಡಿಸಬಹುದಲ್ಲ ಅನ್ನುತ್ತಾರೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಖಾಲಿ ಟ್ಯಾಂಕಿನ ಸಂದಿಯಲ್ಲಿ ಉಳಿದುಕೊಂಡಿರುತ್ತದೆ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕಿನ ಹತ್ತಿರವೇ ಬೆಂಕಿ ಹೆಚ್ಚು ಅಪಾಯ. ಮನೆಯಲ್ಲಿ ಮಾಡುವ ಕೆಲಸವೇ ಅಲ್ಲ ಅದು.

ಇದಕ್ಕೆ 2020ರಲ್ಲಿ ಎಪಾಕ್ಸಿ ಹಾಕಿದ್ದೆ, ಜಾವಾದ್ದು ಕೈ ಕೊಡುವ ಮೊದಲೇ. ಆದರೆ ಈ ಟ್ಯಾಂಕಿನಲ್ಲಿ ಆಯಿಲ್ ಜಿಡ್ಡಿರಲಿಲ್ಲ, ಇದು ಫೋರ್-ಸ್ಟ್ರೋಕ್. ತೂತಿನ ಭಯಕ್ಕೆ ನಿಧಾನವಾಗಿಯೂ ಮಾಡಿದ್ದೆ. ಬಿಸಿನೀರಿನಲ್ಲಿ ಎರಡು ಸಲ ಜಿಡ್ಡು ತೊಳೆದೆ. ಒಳಗೆ ನೀರು ಹನಿಹನಿಯಾಗಿ ನಿಂತರೆ ಜಿಡ್ಡು ಇನ್ನೂ ಇದೆ ಅಂತ, ಹಾಳೆಯ ಹಾಗೆ ಹರಡಿ ಇಳಿದರೆ ಹೋಗಿದೆ ಅಂತ. ಈ ಒಂದು ಪರೀಕ್ಷೆ ಮಾತ್ರ ಬಿಡಬೇಡಿ. ಆಸಿಡ್ ಆದ ಮೇಲೆ ಪೂರ್ತಿ ಎರಡು ದಿನ ಒಣಗಲು ಬಿಟ್ಟೆ. ತೂತುಗಳಿಗೆ ಹೊರಗಿಂದ ಟೇಪ್ ಅಂಟಿಸಿದೆ. ಕಾಕ್ ಕೂರುವ ತಿರುಪಿನ ಮರೆಗೆ (ಥ್ರೆಡ್) ಗ್ರೀಸ್ ಸವರಿ ರಬ್ಬರ್ ಬಿರಡೆ ಹಾಕಿದೆ. ಇಲ್ಲದಿದ್ದರೆ ಎಪಾಕ್ಸಿ ಮರೆಯಲ್ಲಿ ಗಟ್ಟಿಯಾಗಿ ಕಾಕ್ ಕೂರುವುದೇ ಇಲ್ಲ. ಹಾರ್ಡನರ್ ಬೆರೆಸಿದ ಮೇಲೆ ಅರ್ಧ ಗಂಟೆ ಟ್ಯಾಂಕನ್ನು ಮಗುವಿನ ಹಾಗೆ ಎತ್ತಿಕೊಂಡು ತಿರುಗಿಸುತ್ತಲೇ ಇದ್ದೆ. ಮಿಕ್ಕಿದ್ದನ್ನು ಒಂದು ಹನಿ ಉಳಿಯದಂತೆ ಬಸಿಯುವುದು ಮುಖ್ಯ. ಮಡುಗಟ್ಟಿ ನಿಂತ ಕಡೆ ಅದು ದಪ್ಪಗಾಗಿ ಮುಂದೆ ಬಿರುಕು ಬಿಡುತ್ತದೆ. ನಾಲ್ಕು ದಿನ ಪೆಟ್ರೋಲ್ ಮುಟ್ಟಿಸಲಿಲ್ಲ.

ಎಥೆನಾಲ್ ಬೆರೆತ ಪೆಟ್ರೋಲಿನ ಬಗ್ಗೆ ಎರಡು ಮಾತು. ಎಥೆನಾಲ್ ನೀರನ್ನು ಹೀರುತ್ತದೆ. ಜಾಸ್ತಿ ದಿನ ನಿಂತು ನೀರು ಹೆಚ್ಚಾದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕಿಳಿಯುತ್ತವೆ. ಹಳೆ ಕಾಲದ ಕೆಲವು ಟ್ಯಾಂಕ್ ಸೀಲರ್‌ಗಳು ಎಥೆನಾಲ್‌ಗೆ ಮೆತ್ತಗಾಗಿ ಎದ್ದುಬರುತ್ತವೆ. ಕೊಳ್ಳುವಾಗ ಎಥೆನಾಲ್ ತಡೆಯುತ್ತದೆ ಅಂತ ಡಬ್ಬಿ ಮೇಲೆ ಬರೆದಿದೆಯಾ ನೋಡಿ. ಫೈಬರ್ ಟ್ಯಾಂಕ್ ಇದ್ದರೆ ಇನ್ನೂ ಹುಷಾರು, ಅದರ ರೆಸಿನ್ನೇ ಮೆತ್ತಗಾಗಬಹುದು.

ಕಿಟ್ ಮಾಡುವವರ ಮೇಲೆ ನನ್ನ ದೂರು ಸೂಚನೆಯ ಹಾಳೆಯದು. ಒಣಗಿಸುವುದಕ್ಕೆ ಒಂದೇ ಒಂದು ಸಾಲು ಬರೆದಿದ್ದಾರೆ. ಅದಕ್ಕೆ ಒಂದು ಪುಟ ಬೇಕಿತ್ತು. ಜತೆಗೆ ಕೊಟ್ಟ ಕೈಗವಸು ಆಸಿಡ್ ಹಂತದಲ್ಲೇ ಹರಿಯಿತು, ದಪ್ಪದ್ದನ್ನು ಬೇರೆ ತಂದುಕೊಳ್ಳಿ. ಕನ್ನಡಕವೂ ಬೇಕು.

ಕಳೆದ ತಿಂಗಳು ಬಿಎಸ್‌ಎ ಟ್ಯಾಂಕಿಗೆ ಮತ್ತೆ ಕ್ಯಾಮೆರಾ ಬಿಟ್ಟೆವು. ಮೂರೂ ತೂತಿನ ಜಾಗ ಒಣಗಿದೆ, ಹೊರಗೆ ಬೆವರಿಲ್ಲ. ಬಾಯಿಯ ಕೆಳಗೆ, ಪೆಟ್ರೋಲ್ ಪೈಪಿನ ಮೂತಿ ದಿನವೂ ತಾಗುವ ಕಡೆ, ಉಗುರಿನಷ್ಟು ಅಗಲದ ಒಂದು ಗುಳ್ಳೆ ಎದ್ದಿದೆ. ಮಗಳು ಅದರ ಫೋಟೋ ತೆಗೆದು ಮೇಲೆ ತಾರೀಕು ಬರೆದಿಟ್ಟಿದ್ದಾಳೆ. ಆರು ತಿಂಗಳು ಬಿಟ್ಟು ಮತ್ತೆ ನೋಡುತ್ತೇವೆ. ದೊಡ್ಡದಾಗಿದ್ದರೆ ಇಲ್ಲೇ ಬಂದು ಬರೆಯುತ್ತೇನೆ.