ಗಿರಿರಾಜ ಮರಿ: ಹಿತ್ತಲಿಗೆ ತರುವ ಮುನ್ನ

ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಹಿತ್ತಲಿಗೆ ಹೇಳಿಮಾಡಿಸಿದ ಕೋಳಿ. ಮೇಯ್ದು ಬದುಕುತ್ತದೆ, ಬಣ್ಣದ ಪುಕ್ಕ ಇರುವುದರಿಂದ ಗಿರಾಕಿಗೂ ಬರವಿಲ್ಲ. ವರ್ಷಕ್ಕೆ 130–150 ಮೊಟ್ಟೆ. ನಾಟಿ ಹೇಂಟೆ ಇಡುವುದು ಅದರ ಅರ್ಧಕ್ಕಿಂತ ಕಡಿಮೆ.

ಆದರೆ ಹೇಂಟೆ ಕಾವಿಗೆ ಕೂರುವುದನ್ನು ನಂಬಬೇಡಿ. ಅದಕ್ಕಿಂತ ದೊಡ್ಡ ತೊಡಕು, ಇದು ಮಿಶ್ರತಳಿ. ಮನೆಯಲ್ಲೇ ಮರಿ ಮಾಡಿಸಿದರೆ ಮುಂದಿನ ಪೀಳಿಗೆಯಲ್ಲಿ ಗುಣಗಳು ಚದುರಿ ತೂಕ, ಮೊಟ್ಟೆ ಎರಡೂ ಏರುಪೇರಾಗುತ್ತವೆ. ಒಂದೇ ಹುಂಜವನ್ನು ಅದರ ಹೆಣ್ಣುಮರಿಗಳ ಜೊತೆಗೂ ಬಿಟ್ಟರೆ ರಕ್ತಸಂಬಂಧ ಹೆಚ್ಚಿ, ಮೊಟ್ಟೆ ಒಡೆದು ಮರಿಯಾಗುವುದೇ ಕಡಿಮೆಯಾಗುತ್ತದೆ. ಹಾಗಾಗಿ ಪ್ರತಿ ತಂಡಕ್ಕೂ ಒಂದು ದಿನದ ಮರಿಯನ್ನು ಹೊಸದಾಗಿ ತನ್ನಿ. ನಾಟಿ ಹೇಂಟೆಗಳಿದ್ದರೆ ಗಿರಿರಾಜ ಹುಂಜವನ್ನು ಅವುಗಳಿಂದ ದೂರವಿಡಿ. ಕಾವು ಕೂತು ಮರಿ ಕಾಯುವ ಗುಣ ಬೆರಕೆಯಲ್ಲಿ ಕರಗಿಹೋಗುವುದು ನಮಗೆ ನಿಜಕ್ಕೂ ನಷ್ಟ.

ಮೊದಲ ವಾರ ಬ್ರೂಡರಿನಲ್ಲಿ (ಮರಿಗಳಿಗೆ ಬಲ್ಬಿನಿಂದ ಬಿಸಿ ಕೊಡುವ ಗೂಡಿನಲ್ಲಿ) 35 ಡಿಗ್ರಿ ಸೆಲ್ಸಿಯಸ್ ಇರಲಿ, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸಿ. ಮರಿಗಳು ಬಲ್ಬಿನಡಿ ಒತ್ತೊತ್ತಾಗಿ ಸೇರಿದರೆ ಬಿಸಿ ಸಾಲದು. ರೆಕ್ಕೆ ಇಳಿಬಿಟ್ಟು ಬಾಯಿ ತೆರೆದರೆ ಹೆಚ್ಚಾಗಿದೆ. 5–7ನೇ ದಿನ ಕಣ್ಣಿಗೆ ಲಸೋಟಾ ಲಸಿಕೆಯ ಹನಿ ತಪ್ಪಿಸಲೇಬೇಡಿ, ಅದು ತಡೆಯುವ ಕೊಕ್ಕರೆ ರೋಗ (ರಾಣಿಖೇತ್) ಹೊಕ್ಕರೆ ಇಡೀ ತಂಡವೇ ಹೋಗುತ್ತದೆ.