ಊಸರವಳ್ಳಿಗೆ ಗಾಜಿನ ಗೂಡೋ, ಜಾಲರಿ ಗೂಡೋ? ಎರಡನ್ನೂ ಇಟ್ಟು ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಊರಲ್ಲಿರುವವರು ಇದನ್ನು ಓದಿ ಬೇಲಿ ಮೇಲಿನ ಊಸರವಳ್ಳಿಯನ್ನು ಹಿಡಿದು ತರಬೇಡಿ. ನಮ್ಮ ಕಡೆಯ ಊಸರವಳ್ಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಅದನ್ನು ಸಾಕುವುದು ಅಪರಾಧ. ನಾನಿರುವುದು ಅಮೆರಿಕದ ಅರಿಜೋನಾದ ಚಾಂಡ್ಲರ್‌ನಲ್ಲಿ. ನನ್ನ ಊಸರವಳ್ಳಿ ಪಚ್ಚಿ ವೇಲ್ಡ್ ಕಮೀಲಿಯನ್ ಜಾತಿಯವನು, ಮೂಲ ಯೆಮನ್ ಮತ್ತು ಸೌದಿ ಅರೇಬಿಯಾ. ಇಲ್ಲಿ ಸಾಕಿ, ಮರಿ ಮಾಡಿಸಿ ಮಾರುತ್ತಾರೆ. ಅವನಿಗೀಗ ಮೂರು ವರ್ಷ.

ತಂದಾಗ ಅಂಗಡಿಯವರು ಗಾಜಿನ ಗೂಡನ್ನೇ ಕೊಟ್ಟರು, ತೇವ ಚೆನ್ನಾಗಿ ನಿಲ್ಲುತ್ತೆ ಅಂತ. ನಿಂತಿದ್ದು ನಿಜ. ಆದರೆ ಗಾಳಿಯೂ ನಿಂತುಬಿಟ್ಟಿತು, ಎರಡು ವಾರದಲ್ಲಿ ಕುಂಡದ ಮಣ್ಣಿಗೆ ಬೂಸ್ಟು ಹಿಡಿದು ಮುಗ್ಗಲು ವಾಸನೆ ಶುರುವಾಯಿತು. ಅದಕ್ಕಿಂತ ಬೇಜಾರಾಗಿದ್ದು ಇನ್ನೊಂದು. ಸಂಜೆ ಗಾಜಿನಲ್ಲಿ ತನ್ನದೇ ಬಿಂಬ ಕಂಡು, ಇನ್ಯಾವುದೋ ಗಂಡು ಬಂತು ಅಂದುಕೊಂಡು, ಮೈ ಚಪ್ಪಟೆ ಮಾಡಿ, ಪಟ್ಟೆ ಕಪ್ಪಾಗಿಸಿ, ಬಾಯಿ ತೆರೆದು ನಿಂತಿರುತ್ತಿದ್ದ. ದಿನಾ ಹೀಗಾದರೆ ಆ ಜೀವಕ್ಕೆ ನೆಮ್ಮದಿ ಎಲ್ಲಿ?

ಆಮೇಲೆ ಜಾಲರಿ ಗೂಡು ತಂದೆ, ಎರಡಡಿ ಅಗಲ, ಎರಡಡಿ ಆಳ, ನಾಲ್ಕಡಿ ಎತ್ತರ. ಬಿಟ್ಟ ತಕ್ಷಣ ನೇರ ಮೇಲಿನ ಕೊಂಬೆಗೆ ಹೋಗಿ ಕೂತ. ಇವಕ್ಕೆ ನಮ್ಮ ಕಣ್ಣಿಗಿಂತ ಎತ್ತರದಲ್ಲಿದ್ದರೇ ಧೈರ್ಯ, ಅದಕ್ಕೇ ಗೂಡನ್ನು ಮೇಜಿನ ಮೇಲಿಟ್ಟೆ. ಆದರೆ ಈ ಮರಳುಗಾಡಿನ ಊರಲ್ಲಿ ಬೆಳಿಗ್ಗೆ ನೀರು ಸಿಂಪಡಿಸಿದರೆ ಅರ್ಧ ಗಂಟೆಯಲ್ಲಿ ಎಲೆಯೆಲ್ಲ ಒಣ. ಹಿಕ್ಕೆಯ ಜೊತೆ ಬರುವ ಬಿಳಿ ಭಾಗ ಕಿತ್ತಳೆ ಬಣ್ಣಕ್ಕೆ ತಿರುಗಿತು. ಅಂದರೆ ಮೈಯಲ್ಲಿ ನೀರು ಕಡಿಮೆ ಅಂತ. ಕೊನೆಗೆ ಹಿಂದೆ ಮತ್ತು ಎರಡು ಪಕ್ಕಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಕಟ್ಟಿದೆ, ಮುಂದೆ ಮತ್ತು ಮೇಲೆ ಜಾಲರಿ ಹಾಗೇ ಬಿಟ್ಟೆ. ಗಾಳಿಯೂ ಆಡುತ್ತೆ, ತೇವವೂ ಉಳಿಯುತ್ತೆ. ಒಣ ಊರಲ್ಲಿರುವವರಿಗೆ ನಾನು ಹೇಳುವುದು ಇದನ್ನೇ.

ಗೂಡಿಗಿಂತ ದೊಡ್ಡ ತಪ್ಪಾಗಿದ್ದು ದೀಪದಲ್ಲಿ. ಸುರುಳಿ ಆಕಾರದ ಯುವಿಬಿ (ಬಿಸಿಲಿನಲ್ಲಿರುವ ಒಂದು ಬಗೆಯ ನೇರಳಾತೀತ ಕಿರಣ) ಬಲ್ಬನ್ನೇ ನಂಬಿಕೊಂಡು ನಾಲ್ಕು ತಿಂಗಳು ಕಳೆದೆ. ಒಂದು ದಿನ ಕೊಂಬೆ ಹಿಡಿಯುವಾಗ ಮುಂಗಾಲು ಸ್ವಲ್ಪ ಬಾಗಿದ್ದು ಕಂಡಿತು. ಡಾಕ್ಟರ್ ಎಕ್ಸ್‌ರೇ ತೆಗೆದು ಮೂಳೆ ಮೆತ್ತಗಾಗುತ್ತಿದೆ ಅಂದರು. ದಿನಾ ಹುಳಕ್ಕೆ ಕ್ಯಾಲ್ಸಿಯಂ ಪುಡಿ ಹಚ್ಚುತ್ತಲೇ ಇದ್ದೆ! ಆದರೆ ಯುವಿಬಿ ಸಾಲದಿದ್ದರೆ ಚರ್ಮದಲ್ಲಿ ವಿಟಮಿನ್ ಡಿ3 ಬೇಕಷ್ಟು ತಯಾರಾಗುವುದಿಲ್ಲ, ತಿಂದ ಕ್ಯಾಲ್ಸಿಯಂ ಸರಿಯಾಗಿ ಮೈಗೆ ಹತ್ತುವುದಿಲ್ಲ. ಸುರುಳಿ ಬಲ್ಬಿನ ಬೆಳಕು ಒಂದೇ ಕಡೆ ಬೀಳುತ್ತೆ, ದೂರಕ್ಕೂ ಹೋಗಲ್ಲ. ಈಗ ಗೂಡಿನ ಅಗಲಕ್ಕೆ ಶೇ. 6 ಯುವಿಬಿಯ ಟಿ5 (ಸಪೂರ) ಟ್ಯೂಬ್, ಅದರಿಂದ ಎಂಟೊಂಬತ್ತು ಇಂಚು ಕೆಳಗೆ ಕೊಂಬೆ. ದಿನಕ್ಕೆ 12 ಗಂಟೆ. ಟ್ಯೂಬ್ ಉರಿಯುತ್ತಿದ್ದರೂ ಯುವಿಬಿ ಇಳಿಯುತ್ತಾ ಹೋಗುತ್ತೆ, ಹಾಗಾಗಿ ವರ್ಷಕ್ಕೊಮ್ಮೆ ಬದಲಿಸುತ್ತೇನೆ. ಕಿಟಕಿ ಬಿಸಿಲು ಸಾಕು ಅಂದುಕೊಳ್ಳಬೇಡಿ, ಗಾಜು ಯುವಿಬಿಯನ್ನು ತಡೆಯುತ್ತೆ. ಬಿಸಿ ಬಲ್ಬ್ ಮಾತ್ರ ಗೂಡಿನ ಹೊರಗೇ ಇರಲಿ, ಜಾಲರಿಗೆ ಒತ್ತಿಕೊಂಡಂತೆಯೂ ಬೇಡ, ತಲೆ ಮೇಲಿನ ಆ ಎತ್ತರದ ಜುಟ್ಟಿನಂಥ ಭಾಗವನ್ನು ಸುಟ್ಟುಕೊಳ್ಳುತ್ತವೆ. ಕೊಂಬೆ ಹತ್ತಿರ 85 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಸಾಕು.

ಇನ್ನು ಊಟ. ಕ್ರಿಕೆಟ್ ಹುಳ ಅಗ್ಗ, ಕುಪ್ಪಳಿಸುವುದರಿಂದ ಪಚ್ಚಿಗೆ ಬೇಟೆಯ ಖುಷಿ. ಆದರೆ ತಪ್ಪಿಸಿಕೊಂಡದ್ದು ರಾತ್ರಿ ಮಲಗಿದ ಊಸರವಳ್ಳಿಯನ್ನೇ ಕಚ್ಚುತ್ತೆ. ಒಂದು ಬೆಳಿಗ್ಗೆ ಅವನ ಬಾಲದ ತುದಿಯಲ್ಲಿ ಸಾಸಿವೆಯಷ್ಟು ಗಾಯ ಕಂಡಾಗಿನಿಂದ ನಾನು ಹುಳ ಬಿಡುವುದೇ ಇಲ್ಲ, ಬಟ್ಟಲಲ್ಲಿಟ್ಟು ಕೊಡುತ್ತೇನೆ. ಡುಬಿಯಾ ಜಿರಳೆಗೆ ವಾಸನೆ ಕಡಿಮೆ, ಸದ್ದಿಲ್ಲ, ಬೇಗ ಸಾಯಲ್ಲ. ನನ್ನ ಮಟ್ಟಿಗೆ ಮಾಮೂಲಿ ಊಟಕ್ಕೆ ಅದೇ ಮೇಲು. ಫ್ಲೋರಿಡಾದಲ್ಲಿ ಮಾತ್ರ ಅದನ್ನು ಇಟ್ಟುಕೊಳ್ಳುವ ಹಾಗಿಲ್ಲ. ರೇಷ್ಮೆ ಹುಳ ಮೆತ್ತಗೆ, ಸುಲಭವಾಗಿ ಜೀರ್ಣವಾಗುತ್ತೆ, ಆದರೆ ದುಬಾರಿ. ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆ ನೋಡಿ ಬೆಳೆದವಳಿಗೆ ಇಲ್ಲಿ ಹುಳ ಎಣಿಸಿ ಕೊಳ್ಳುವಾಗ ಮನೆ ನೆನಪಾಗುತ್ತೆ. ವಾರಕ್ಕೊಮ್ಮೆ ಕೊಡುತ್ತೇನೆ.

ಯಾವ ಹುಳವಾದರೂ ಅವನ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು. ಹುಳಕ್ಕೂ ಹಿಂದಿನ ದಿನ ಸೊಪ್ಪು, ಕ್ಯಾರೆಟ್ ತಿನ್ನಿಸಿರಬೇಕು, ಖಾಲಿ ಹೊಟ್ಟೆಯ ಹುಳದಿಂದ ಏನು ಸಿಗುತ್ತೆ? ಡಿ3 ಇಲ್ಲದ ಕ್ಯಾಲ್ಸಿಯಂ ಪ್ರತಿ ಊಟಕ್ಕೂ, ಡಿ3 ಇರುವ ವಿಟಮಿನ್ ಪುಡಿ ಹದಿನೈದು ದಿನಕ್ಕೊಮ್ಮೆ. ದೊಡ್ಡವನಾದ್ದರಿಂದ ದಿನ ಬಿಟ್ಟು ದಿನ ನಾಲ್ಕೈದು ಹುಳ, ಜಾಸ್ತಿ ಬೇಡ. ಮನಿ ಪ್ಲಾಂಟ್, ದಾಸವಾಳದ ಎಲೆಯನ್ನೂ ಆಗಾಗ ಕಡಿಯುತ್ತಾನೆ, ಅದಕ್ಕೇ ಗಿಡಕ್ಕೆ ಔಷಧಿ ಹೊಡೆಯಲ್ಲ.

ನೀರಿನ ವಿಷಯದಲ್ಲಿ ಕೈ ಸ್ಪ್ರೇ ಸಾಲಲಿಲ್ಲ. ಇವು ಬಟ್ಟಲ ನೀರು ಕುಡಿಯುವುದು ಅಪರೂಪ, ಎಲೆ ಮೇಲಿನ ಹನಿಯನ್ನೇ ನೆಕ್ಕುತ್ತವೆ. ಟೈಮರ್ ಇರುವ, ತಾನೇ ನೀರು ಚಿಮುಕಿಸುವ ಯಂತ್ರ ಬೆಳಿಗ್ಗೆ ದೀಪ ಹತ್ತುವ ಮುಂಚೆ ಮತ್ತು ಸಂಜೆ ದೀಪ ಆರಿದ ಮೇಲೆ ಎರಡೆರಡು ನಿಮಿಷ ಸಿಂಪಡಿಸುತ್ತೆ. ಮಂಜು ಬಿಡುವ ಯಂತ್ರ ಚಳಿಗಾಲದ ತಣ್ಣನೆ ರಾತ್ರಿಗೆ ಮಾತ್ರ. ಹಗಲಿನ ಬಿಸಿಯಲ್ಲಿ ಹಾಕಿದರೆ ಶ್ವಾಸಕೋಶಕ್ಕೆ ಸೋಂಕು ತಗಲಬಹುದು.

ಆ ಗಾಜಿನ ಗೂಡನ್ನು ಬಿಸಾಡಿಲ್ಲ. ಡುಬಿಯಾಗಳಿಗೆ ನುಣುಪು ಗಾಜು ಹತ್ತಲು ಬರಲ್ಲ ಅಲ್ವಾ, ಅವೆಲ್ಲ ಈಗ ಅದರಲ್ಲೇ ಇವೆ.