ಹಳೇ ಖುಕುರಿ ಕೊಳ್ಳುವವರು ಹಿಡಿಯೊಳಗೆ ಏನಿದೆ ಅಂತ ನೋಡಿ

ಮುಕ್ತಿನಾಥ, ಪಶುಪತಿನಾಥ ಅಂತ ನೇಪಾಳಕ್ಕೆ ಹೋದವರಲ್ಲಿ ಹತ್ತಕ್ಕೆ ಇಬ್ಬರಾದರೂ ಬರುವಾಗ ಒಂದು ಖುಕುರಿ, ಅಂದರೆ ಗೋರ್ಖಾಗಳ ಬಾಗಿದ ಕತ್ತಿ, ತರುತ್ತಾರೆ. ಹೊಸದು ಕೊಳ್ಳುವವರಿಗೆ ನಾನು ಹೇಳುವುದೇನೂ ಇಲ್ಲ. "ಹಳೇದು, ಮಿಲಿಟರಿದು" ಎಂಬ ಮಾತಿಗೆ ಬಾಯಿಬಿಡುವ ನನ್ನಂಥವರಿಗೆ ಇದು.

ನಾನು ಅಡಿಕೆ ತೋಟದ ಮನೆಯವನು. ಕತ್ತಿ ಕೈಗೆ ಸಿಕ್ಕರೆ ಒಳ್ಳೇದೋ ಕೆಟ್ಟದ್ದೋ ಹೇಳಬಲ್ಲೆ ಅನ್ನುವ ಜಂಬ ಇತ್ತು. ಕಠ್ಮಂಡುವಿನ ಅಸನ್ ಪೇಟೆಯಿಂದ ಥಮೇಲ್ ಕಡೆಗೆ ಬರುವ ಗಲ್ಲಿಯೊಂದರಲ್ಲಿ ಹಿತ್ತಾಳೆ ದೀಪ, ತುಕ್ಕು ಹಿಡಿದ ಬೀಗಗಳ ರಾಶಿ ನಡುವೆ ಅದು ಬಿದ್ದಿತ್ತು. ಕರ್ರಗಿನ ಅಲಗು, ಕೈ ಸವೆಸಿದ ಮರದ ಹಿಡಿ, ಹಿಡಿಯ ಹತ್ತಿರ 43 ಅಂತ ಅಚ್ಚು. "ಎರಡನೇ ಮಹಾಯುದ್ಧದ ಮಾಲು ಸಾಬ್, ಗೋರ್ಖಾ ಪಲ್ಟನ್ನಿನದು." ಚೌಕಾಸಿ ಮಾಡಿ 6,400 ನೇಪಾಳಿ ರೂಪಾಯಿಗೆ ಇಳಿಸಿದೆ, ನಮ್ಮ ಲೆಕ್ಕದಲ್ಲಿ 4,000. ಹೆಬ್ಬೆರಳಲ್ಲಿ ಅಲಗಿನ ಬಾಯಿ, ಅಂದರೆ ಹರಿತದ ಅಂಚು, ಸವರಿದೆ, ಬೆನ್ನಿನ ದಪ್ಪ ನೋಡಿದೆ, ತೂಗಿ ನೋಡಿದೆ. ಅಷ್ಟೇ ನನ್ನ ಪರೀಕ್ಷೆ.

ಎರಡು ದಿನ ಬಿಟ್ಟು ಪೋಖರಾದ ಲಾಡ್ಜಿನ ಹಿತ್ತಲಲ್ಲಿ ಅಡುಗೆಯವರು ಸೌದೆ ಒಡೆಯುತ್ತಿದ್ದರು. ನಮ್ಮ ಸೇನೆಯ ಗೋರ್ಖಾ ರೆಜಿಮೆಂಟಿನಿಂದ ನಿವೃತ್ತರಾದವರು, ಹಿಂದಿ ಚೆನ್ನಾಗಿ ಬರುತ್ತಿತ್ತು. ಎಲ್ಲರೂ ಅವರನ್ನು ದಾಯಿ, ಅಂದರೆ ಅಣ್ಣ, ಅನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. "ದಾಯಿ, ನನ್ನದನ್ನೂ ಒಂದು ಕೈ ನೋಡೋಣ" ಅಂತ ಒಂದು ತುಂಡು ಎಳೆದುಕೊಂಡೆ. ಮೊದಲ ಏಟು ಸರಿಯಾಗೇ ಬಿತ್ತು, ಎರಡನೆಯದೂ. ಮೂರನೆಯದಕ್ಕೆ ಕೈ ಎತ್ತಿದಾಗ ಎಲ್ಲೋ ಹಗುರ ಅನಿಸಿತು. ಅಷ್ಟರಲ್ಲಿ ಅಲಗು ಹಾರಿ, ಮಗಳು ಹಲ್ಲುಜ್ಜುತ್ತಿದ್ದ ನಲ್ಲಿಕಟ್ಟೆಗೆ ಠಣ್ಣನೆ ಬಡಿದು ಬಿತ್ತು. ಅವಳಿಗೂ ಅದಕ್ಕೂ ಎರಡು ಮೊಳ. ನನ್ನ ಕೈಯಲ್ಲಿ ಬರೀ ಹಿಡಿ.

ದಾಯಿ ಬೈಯಲಿಲ್ಲ. ಅಲಗನ್ನು ತಂದು ಮುರಿದ ಜಾಗವನ್ನು ಬಿಸಿಲಿಗೆ ಹಿಡಿದು ತೋರಿಸಿದರು. ಮುರಿದ ಮೈಯೆಲ್ಲ ಕಾಫಿಪುಡಿ ಬಣ್ಣದ ತುಕ್ಕು, ಒಂದು ಮೂಲೆಯಲ್ಲಿ ಮಾತ್ರ ಉದ್ದಿನಕಾಳಿನಷ್ಟು ಜಾಗ ಬೆಳ್ಳಗೆ ಹೊಳೆಯುತ್ತಿತ್ತು. ಅಂದರೆ ಬಿರುಕು ಹಳೆಯದು, ಅಷ್ಟು ದಿನ ಆ ಉದ್ದಿನಕಾಳಿನ ಮೇಲೆ ನಿಂತಿತ್ತು. ಪಕ್ಕದಲ್ಲೇ ವೆಲ್ಡಿಂಗಿನ ಗಂಟು. ಇಂಥ ಬಿಲ್ಲೆಯ ಹಿಡಿಯಲ್ಲಿ ಅಲಗಿನ ಬಾಲ ಒಳಗೆ ತೂರಿ, ಹಿಂಬದಿಯ ಹಿತ್ತಾಳೆ ಬಿಲ್ಲೆಯಿಂದ ಆಚೆ ಬಂದು, ಅಲ್ಲಿ ಬಡಿದು ಚಪ್ಪಟೆ ಮಾಡಿರಬೇಕು. ನನ್ನದರಲ್ಲಿ ಬಾಲ ಎರಡು ಇಂಚಿಗೇ ಮುಗಿದಿತ್ತು. ಬಿಲ್ಲೆಯ ಮೇಲೆ ಕಾಣುತ್ತಿದ್ದದ್ದು ಒಂದು ಮೊಳೆಯ ತಲೆ! ಹಿಡಿಯೊಳಗೆ ಅರಗಿನ ಬದಲು ಹಳದಿ ಎಪಾಕ್ಸಿ ಗೋಂದು, ಸಂದಿಯಲ್ಲಿ ಬೂಟ್ ಪಾಲಿಶ್.

ಅಲ್ಲಿಯ ಕಾಮಿಗಳು, ಅಂದರೆ ಕಮ್ಮಾರರು, ಹಿಡಿ ಕೂರಿಸುವುದು ಅರಗಿನಂಥದೇ ಅಂಟಿನಿಂದ. ಅವರದನ್ನು ಲಾಹಾ ಅನ್ನುತ್ತಾರೆ. ವರ್ಷ ಕಳೆದಂತೆ ಅದು ಒಣಗಿ ಪುಡಿಯಾಗುತ್ತದೆ, ಹಿಡಿ ಸಡಿಲವಾಗುತ್ತದೆ. ಅದು ಮೋಸ ಅಲ್ಲ, ಬಿಸಿ ಮಾಡಿ ಮತ್ತೆ ಕೂರಿಸಬಹುದು. ಹಳೇ ಖುಕುರಿಯ ಹಿಡಿ ಸ್ವಲ್ಪ ಅಲ್ಲಾಡಿದರೆ ನನಗೀಗ ಸಮಾಧಾನ; ಬಂಡೆಯಂತೆ ಕೂತಿದ್ದರೆ ಅನುಮಾನ.

ಇನ್ನು 43 ಎಂಬ ಅಚ್ಚು. ದಾಯಿ ನಕ್ಕರು. "ಭಾಯಿ, 43ರ ಪಲ್ಟನ್ ಖುಕುರಿ ಪನವಾಲ್. ಉಕ್ಕು ಹಿಡಿಯ ಉದ್ದಕ್ಕೂ ಹೊರಗೇ ಕಾಣುತ್ತದೆ, ಎರಡು ಕಡೆ ಮರದ ಹೋಳು ಇಟ್ಟು ರಿವಿಟ್ ಹೊಡೆದಿರುತ್ತಾರೆ." ನನ್ನದಕ್ಕೆ ರಿವಿಟ್ಟೇ ಇರಲಿಲ್ಲ. ಅಲಗಿನ ಮೈಯೆಲ್ಲ ಕಪ್ಪು, ಅಂಕಿಯ ಗೀರು ಮಾತ್ರ ಹೊಸದು. ಅಂಗಡಿಯಲ್ಲಿ ಇದು ಕಣ್ಣಿಗೆ ಬಿದ್ದಿತ್ತು, ಬುದ್ಧಿಗೆ ಹತ್ತಿರಲಿಲ್ಲ.

ಆಮೇಲೆ ಒಂದು ಅರ ತಂದರು. ಖುಕುರಿಗೆ ನೀರು ಕೊಡುವ ಕ್ರಮ ನಮ್ಮ ಕುಲುಮೆಗಿಂತ ಬೇರೆ. ಕೆಂಪಗೆ ಕಾದ ಅಲಗನ್ನು ಪೂರ್ತಿ ಅದ್ದುವುದಿಲ್ಲ, ಕೆಟಲಿನಿಂದ ಬಾಯಿಗಷ್ಟೇ ನೀರು ಹೊಯ್ಯುತ್ತಾರೆ. ಬಾಯಿ ಗಡುಸಾಗುತ್ತದೆ, ಬೆನ್ನು ಮೆದುವಾಗಿ ಏಟು ತಡೆಯುತ್ತದೆ. ಹಾಗಾಗಿ ಅರ ಬೆನ್ನಿಗೆ ಕಚ್ಚಬೇಕು, ಬಾಯಿಯ ಮೇಲೆ ಜಾರಬೇಕು. ನನ್ನದರ ಬಾಯಿಗೂ ಬೆಣ್ಣೆಗೆ ಇಳಿದಂತೆ ಇಳಿಯಿತು. ಗಡುಸು ಪಟ್ಟಿ ಅಗಲ ಇರುವುದಿಲ್ಲ. ವರ್ಷಗಟ್ಟಲೆ ಮಸೆದು ಮಸೆದು ಅದು ಮುಗಿದಿರಬೇಕು, ಇಲ್ಲವೇ ಯಾರೋ ಗ್ರೈಂಡರಿಗೆ ಕೊಟ್ಟು ಹದ ಸುಟ್ಟಿರಬೇಕು. ಅಂಗಡಿಯವನು ಅರ ಹಾಕಲು ಬಿಡದಿದ್ದರೆ ಬಾಯಿಯ ಉದ್ದಕ್ಕೂ ನೀಲಿ ಛಾಯೆ ಇದೆಯೇ ಅಂತಾದರೂ ನೋಡಿ.

ಹಿಡಿಯ ಹತ್ತಿರ ಅಲಗಿನಲ್ಲಿ ಒಂದು ಕಚ್ಚು ಇರುತ್ತದಲ್ಲ, ಕೌಡಿ ಅಂತಾರೆ. ಹಸುವಿನ ಗೊರಸು ಅಂತ ಒಬ್ಬರು, ಶಿವನ ತ್ರಿಶೂಲ ಅಂತ ಇನ್ನೊಬ್ಬರು ಕಥೆ ಹೇಳುತ್ತಾರೆ. ಕಥೆ ಆಮೇಲೆ ಕೇಳಿ, ಮೊದಲು ಅಲ್ಲಿ ಉಗುರು ಆಡಿಸಿ. ಕೂದಲೆಳೆ ಬಿರುಕು ಇದ್ದರೆ ಉಗುರಿಗೆ ಸಿಗುತ್ತದೆ. ಹಿಡಿಯನ್ನು ಸಡಿಲವಾಗಿ ಹಿಡಿದು ಬೆನ್ನಿಗೆ ಬೆರಳ ಗೆಣ್ಣಿನಿಂದ ಬಡಿಯಿರಿ. ಗಟ್ಟಿ ಅಲಗು ಗುಂಯ್ ಅನ್ನುತ್ತದೆ, ಒಡೆದ ಮಡಕೆಯ ಸದ್ದು ಬಂದರೆ ವಾಪಸ್ ಇಟ್ಟುಬಿಡಿ. ಕೊಂಡಮೇಲೂ ಮೊದಲ ದಿನವೇ ಬೀಸಬೇಡಿ. ಮರದ ತುಂಡಿನ ಮೇಲೆ ಬೆನ್ನಿನಿಂದ ಹತ್ತು ಸಣ್ಣ ಏಟು ಹಾಕಿ ಹಿಡಿ ನೋಡಿ. ಎದುರಿಗೆ ಯಾರೂ ಇರಬಾರದು. ನಾನು ಮಗಳ ಕಡೆಗೇ ಮುಖ ಮಾಡಿ ನಿಂತಿದ್ದೆ, ನೆನೆದರೆ ಈಗಲೂ ಅಂಗೈ ಬೆವರುತ್ತದೆ.

ದಾಯಿಗೆ ಸಿಟ್ಟು ಬಂದದ್ದು ನಾನು ಅದನ್ನು ಒರೆಯಿಂದ ಎಳೆದ ರೀತಿ ನೆನಪಾದಾಗ. ಒರೆ ಅಂದರೆ ಎರಡು ಮರದ ಹೋಳಿನ ಮೇಲೆ ಹೊದಿಸಿದ ಚರ್ಮ. ಹಳೆಯದರಲ್ಲಿ ಹೋಳಿನ ಸಂದಿ ಬಿಟ್ಟಿರುತ್ತದೆ. ಸುತ್ತ ಮುಷ್ಟಿ ಕಟ್ಟಿ ಹಿಡಿದು ಎಳೆದರೆ ಬಾಯಿ ಚರ್ಮ ಸೀಳಿ ನೇರ ಬೆರಳಿಗೇ ಬರುತ್ತದೆ. ಬೆರಳುಗಳನ್ನು ಬಾಯಿಯ ಕಡೆಗೆ ಸುತ್ತದೆ ಬೆನ್ನಿನ ಕಡೆಯಿಂದ ಹಿಡಿಯಬೇಕು. "ಒರೆಯಿಂದ ತೆಗೆದರೆ ರಕ್ತ ಕಾಣಿಸಬೇಕಂತೆ, ಹೌದಾ?" ಅಂತ ಕೇಳಿದೆ. "ನನ್ನದು ದಿನಾ ಈರುಳ್ಳಿ ಕಾಣುತ್ತದೆ" ಅಂದರು.

ಕಠ್ಮಂಡುವಿಗೆ ವಾಪಸ್ ಬಂದಾಗ ಅಂಗಡಿಗೆ ಹೋದೆ. "ಶೋಕೇಸಿನ ಮಾಲಿನಲ್ಲಿ ಸೌದೆ ಒಡೆಯಲು ಯಾರು ಹೇಳಿದರು?" ಅಂದ. ದುಡ್ಡು ಬರಲಿಲ್ಲ. ಪಕ್ಕದ ಗಿರಾಕಿಗೆ ಇನ್ನೊಂದನ್ನು "ನೂರೈವತ್ತು ವರ್ಷದ್ದು" ಅಂತ ತೋರಿಸುತ್ತಿದ್ದ. ನೂರು ವರ್ಷ ದಾಟಿದ ವಸ್ತುವನ್ನು ಪುರಾತತ್ವ ಇಲಾಖೆಯ ಅನುಮತಿ ಇಲ್ಲದೆ ನೇಪಾಳದಿಂದ ಹೊರಗೆ ತರುವಂತಿಲ್ಲ. ಆ ಕಾಗದ ಕೊಡಿಸುತ್ತೀಯಾ ಅಂತ ಆ ಗಿರಾಕಿಯ ಎದುರೇ ಕೇಳಿದೆ. ಖುಕುರಿ ಥಟ್ಟನೆ ಇಪ್ಪತ್ತು ವರ್ಷದ್ದಾಯಿತು.

ಅಲಗನ್ನು ದಾಯಿಗೇ ಕೊಟ್ಟು ಬಂದಿದ್ದೆ, ಕಾಮಿಗೆ ಕೊಟ್ಟು ಸಣ್ಣದೊಂದು ಚಾಕು ಮಾಡಿಸುತ್ತೇನೆ ಅಂದಿದ್ದರು. ಮೊಳೆ ಹೊಡೆದ ಹಿಡಿ ನಮ್ಮನೆ ಟಿವಿ ಪಕ್ಕದಲ್ಲಿದೆ, ನೋಡಬೇಕೆಂದವರು ಬಂದು ನೋಡಬಹುದು.